ಸ್ಲೇಟಿನ ಮೇಲಿನ ಮೂರು ಪದ

ದೀಪವನ್ನು ಆರಿಸಿದವನು ನಾನು.

ಹದಿನೆಂಟು ವರ್ಷಗಳ ಹಿಂದೆ, ನಮ್ಮೂರ ಭಜನೆಮನೆಯಲ್ಲಿ, ಮಂಡಲದ ನಲವತ್ತೊಂದನೆಯ ದಿನ ಆರಿಹೋದ ದೀಪ. ಅದಕ್ಕೆ ಎಣ್ಣೆ ಸಾಲದೆ ಹೋಗಿರಲಿಲ್ಲ, ಗಾಳಿ ಬೀಸಿರಲಿಲ್ಲ, ಚಿಕ್ಕತಾಯಿ ಮೈಮರೆತಿರಲಿಲ್ಲ. ನನ್ನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು — ಈಗ ಈ ಪೆನ್ನು ಹಿಡಿದಿರುವ ಇವೇ ಎರಡು ಬೆರಳು — ಉರಿಯುತ್ತಿದ್ದ ಬತ್ತಿಯ ಕುಡಿಯನ್ನು ಚಿವುಟಿದವು. ಇದನ್ನು ಮೊದಲ ಸಾಲಿನಲ್ಲಿಯೇ ಬರೆದುಬಿಟ್ಟಿದ್ದೇನೆ. ನನ್ನ ಸ್ವಭಾವ ನನಗೆ ಗೊತ್ತು. ಪೀಠಿಕೆ ಹಾಕುತ್ತ ಹೋದರೆ ವಿಷಯಕ್ಕೆ ಬರುವಷ್ಟರಲ್ಲಿ ಇನ್ನೊಂದು ವರ್ಷ ಕಳೆದಿರುತ್ತದೆ.

ಹಳೆಯ ಭಜನೆಮನೆಯನ್ನು ಕೆಡವಿ ಹೊಸದನ್ನು ಕಟ್ಟಿರುವ ನಮ್ಮೂರ ಯುವಕರು ಪ್ರಾರಂಭೋತ್ಸವಕ್ಕೆ ಒಂದು ಸಣ್ಣ ಪುಸ್ತಕ ತರುತ್ತಿದ್ದಾರೆ. ಅದಕ್ಕೆ ನನ್ನದೊಂದು ಲೇಖನ ಬೇಕೆಂದು ಸ್ವಾಮಿ ಬಂದಿದ್ದ. ಆಗ ಊರಿನ ಯಜಮಾನರಾಗಿದ್ದು ಈಗ ತೀರಿಕೊಂಡಿರುವ ಬೋರೇಗೌಡರ ಮಗ ಅವನು. “ಚಿತ್ತಶುದ್ಧಿಯಿಂದ ಜ್ಞಾನ” ಎಂಬ ವಿಷಯವನ್ನೂ ಅವನೇ ಗೊತ್ತುಮಾಡಿಕೊಂಡು ಬಂದಿದ್ದ.

“ನಿಮ್ಮನ್ ಬುಟ್ರೆ ಈ ಊರಲ್ಲಿ ಸಂಸ್ಕೃತ ಬಲ್ಲೋರು ಇನ್ಯಾರವ್ರೆ ದೊಡ್ಡಪ್ಪ? ನಾಕ್ ಪುಟ ಬರ್ಕೊಡಿ ಸಾಕು. ಆಮ್ಯಾಕೆ, ಮೊದಲ್ನೇ ದೀಪಾನೂ ನೀವೇ ಅಚ್ಬೇಕು. ಎಲ್ಲಾರೂ ಒಪ್ಪವ್ರೆ.”

ನಾನು ಆಗಲಿ ಎಂದೆ. 

ಆ ನಾಲ್ಕು ಪುಟ ಇವು.

ನನ್ನನ್ನು ಅರಿಯದ ಹೊಸ ಓದುಗರಿಗೆ ಎರಡು ಮಾತು. ನಾನು ಶಾಲೆಯಲ್ಲಿ ಓದಿದ್ದು ಏಳನೆಯ ತರಗತಿಯವರೆಗೆ. ಪಾಂಡವಪುರದ ಈ ಸೀಮೆಯ ನಾಲೆಗಳ ಮೇಲೆ ನೀರುಗಂಟಿಯಾಗಿ ಕೆಲಸ ಮಾಡಿದವನು — ಯಾರ ಗದ್ದೆಗೆ ಯಾವಾಗ ನೀರು ಎಂದು ತೂಬು ತೆಗೆಯುವುದು, ಮುಚ್ಚುವುದು. ತೂಬಿನ ಪಕ್ಕದ ಕಲ್ಲಿನ ಮೇಲೆ ಕುಳಿತು ಓದಲು ಕಲಿತೆ. ರಜೆಯ ದಿನಗಳಲ್ಲಿ ಮೇಲುಕೋಟೆಗೆ ಹೋಗಿ, ಅಲ್ಲಿನ ಒಬ್ಬ ವೃದ್ಧ ಪಂಡಿತರ ಮನೆಯ ಬಾಗಿಲಲ್ಲಿ ನಿಂತು, ಅವರಿಗೆ ಇಷ್ಟವಿಲ್ಲದಿದ್ದರೂ ಬಿಡದೆ ಸಂಸ್ಕೃತ ಕಲಿತೆ. “ನೀನು ಕಲಿಯಲು ಬರುವುದಿಲ್ಲವಪ್ಪ, ಜಗಳಕ್ಕೆ ಬರುತ್ತೀಯೆ” ಎಂದು ಅವರು ಹೇಳುತ್ತಿದ್ದರು. ಅದು ನಿಜ. ಯಾವುದನ್ನೂ ಹಿರಿಯರು ಹೇಳಿದರೆಂದು ನಾನು ಒಪ್ಪಿದವನಲ್ಲ. ಶ್ರೀರಂಗಪಟ್ಟಣದ ಸಂಗಮದಲ್ಲಿ ಮಿಂದು ಮೇಲೆದ್ದವರು, ಬಿಟ್ಟಿದ್ದ ಚಪ್ಪಲಿ ಕಾಣದೆ ಪಕ್ಕದವರ ಮೇಲೆ ರೇಗುವುದನ್ನು ನೋಡಿ, ಇವರಿಗೆ ತೊಳೆದದ್ದು ಮೈಯೊಂದೇ ಎಂದು ನಕ್ಕವನು. ಊರಿನವರು ಬೆನ್ನ ಹಿಂದೆ ನನ್ನನ್ನು “ತೂಬಿನ ಪಂಡಿತ್ರು” ಎನ್ನುತ್ತಿದ್ದರು. ನನಗೆ ಕೇಳಿಸುತ್ತಿತ್ತು — ಒಳಗೊಳಗೆ ಹಿತವಾಗುತ್ತಿತ್ತು.

ನಮ್ಮ ಮಂಡಲದ ದೀಪದ ಕತೆಯನ್ನೂ ನಾನು ನಂಬಿರಲಿಲ್ಲ. ದೀಪಾವಳಿಯಿಂದ ನಲವತ್ತೆಂಟು ದಿನ ಭಜನೆಮನೆಯ ಗೂಡಿನಲ್ಲಿ ಒಂದು ಹಿತ್ತಾಳೆಯ ದೀಪ ಆರದೆ ಉರಿಯಬೇಕು; ಹಿಂದೆ ಊರಿಗೆ ಪ್ಲೇಗು ಬಂದಾಗ ಹೀಗೆ ದೀಪವಿಟ್ಟಿದ್ದರಿಂದಲೇ ಕಾಯಿಲೆ ನಿಂತಿತು; ದೀಪ ಆರಿದರೆ ಊರಿಗೆ ಕೇಡು — ಹೀಗೊಂದು ನಂಬಿಕೆ. ಆದರೆ ಊರೆಲ್ಲ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರಿಂದ ಕಾಯಿಲೆ ನಿಂತಿತೆಂದು ನನ್ನ ತಾತ ಹೇಳಿದ್ದನ್ನು ನಾನು ಕೇಳಿದ್ದೆ. ತಾತ ಆ ಗುಡಿಸಲಿನಲ್ಲಿ ಮಲಗಿದ್ದವನು. ದೀಪದ ವಿಷಯ ಅವನ ಬಾಯಲ್ಲಿ ಬಂದಿರಲಿಲ್ಲ.

ದೀಪದ ಹೊಣೆ ಚಿಕ್ಕತಾಯಿಯದು. ಸಣ್ಣ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡ ಹೆಂಗಸು, ಮಕ್ಕಳಿರಲಿಲ್ಲ. ಭಜನೆಮನೆ ಗುಡಿಸುವುದು, ಸಾರಿಸುವುದು, ಬತ್ತಿ ಹೊಸೆಯುವುದು, ಬೆಳಿಗ್ಗೆ ಸಂಜೆ ಎಣ್ಣೆ ಹೊಯ್ಯುವುದು. ಸುಗ್ಗಿಯಲ್ಲಿ ಮನೆಗಿಷ್ಟೆಂದು ರಾಗಿ ಕೊಡುತ್ತಿದ್ದರು. ಆ ರಾಗಿಗಿಂತ ಆಕೆಗೆ ಬೀಗದ ಕೈ ದೊಡ್ಡದಾಗಿತ್ತು. ಅದು ಯಾವಾಗಲೂ ಸೀರೆಯ ಸೆರಗಿನ ತುದಿಯ ಗಂಟಿನಲ್ಲಿರುತ್ತಿತ್ತು. ವಿಧವೆ ದೀಪ ಮುಟ್ಟಬಹುದೆ ಎಂದು ಯಾರೋ ಎತ್ತಿದಾಗ ಊರ ಮುಂದೆ ಆಕೆಯ ಪರವಾಗಿ ವಾದಿಸಿ ಗೆದ್ದವನು ನಾನೇ. ಅಂದಿನಿಂದ ಆಕೆ ನನ್ನನ್ನು ಅಣ್ಣಯ್ಯ ಎನ್ನುತ್ತಿದ್ದಳು. ಇದನ್ನು ನನ್ನ ಹಿರಿಮೆಗಾಗಿ ಬರೆಯುತ್ತಿಲ್ಲ. ಮುಂದಿನದು ಎಷ್ಟು ನೀಚವೆಂದು ತಿಳಿಯಲು ಇದೂ ತಿಳಿದಿರಬೇಕು.

ನಿವೃತ್ತಿಯಾದ ವರ್ಷ ನಾನು ಸಾಧನೆಗೆ ಕುಳಿತೆ. ಚಿತ್ತಕ್ಕೆ ಅಂಟಿರುವುದು ಮೂರು ಎಂದು ಓದಿದ್ದೆ — ಹಿಂದಿನ ಕರ್ಮದ ಕೊಳೆ, ನಿಲ್ಲದ ಚಾಂಚಲ್ಯ, ಅಜ್ಞಾನದ ಮುಸುಕು. ಫಲ ಬಯಸದ ಕರ್ಮದಿಂದ ಮೊದಲನೆಯದು ತೊಳೆದುಹೋಗುತ್ತದೆ. ಧ್ಯಾನದಿಂದ ಎರಡನೆಯದು ಅಡಗುತ್ತದೆ. ಅನಂತರ, ಆ ನಿರ್ಮಲವಾದ ಚಿತ್ತದಲ್ಲಿ ಮಾತ್ರ, ಜ್ಞಾನ ತಾನಾಗಿ ಬೆಳಗುತ್ತದೆ. ಎಲ್ಲವನ್ನೂ ಶಂಕಿಸಿದ ನಾನು ಇದೊಂದನ್ನು ಶಂಕಿಸಲಿಲ್ಲ. ಇದರಲ್ಲಿ ದೇವರಿಗೆ ಹರಕೆಯಿಲ್ಲ, ಪೂಜಾರಿಗೆ ಕೆಲಸವಿಲ್ಲ. ನೀನೇ ತೊಳೆದುಕೊ, ನೀನೇ ನೋಡು ಎನ್ನುವ ಮಾತು. ನನ್ನಂಥವನಿಗೆ ಒಪ್ಪುವ ಮಾತು. ಮಂಡಲದ ನಲವತ್ತೆಂಟು ದಿನವೂ ಭಜನೆಮನೆಯಲ್ಲಿಯೇ ಇದ್ದು ಮೌನವ್ರತ ಮಾಡುತ್ತೇನೆಂದು ಊರಿಗೆ ತಿಳಿಸಿದೆ. ಒಪ್ಪತ್ತು ಊಟ. ಬೇಕಾದದ್ದನ್ನು ಕೇಳಲು ಮರದ ಕಟ್ಟಿನ ಒಂದು ಸ್ಲೇಟು, ಒಂದು ಬಳಪ.

ಮೊದಮೊದಲು ಕಷ್ಟವಾಯಿತು. ಬಾಯಿ ಸುಮ್ಮನಿದ್ದರೂ ತಲೆಯೊಳಗೆ ಸಂತೆ. ಮೂರನೆಯ ವಾರದ ಹೊತ್ತಿಗೆ ಸದ್ದು ಇಳಿಯಿತು. ಜನ ನನ್ನನ್ನು ನೋಡುವ ಬಗೆಯೂ ಬದಲಾಯಿತು — ಹೆಂಗಸರು ಬಾಗಿಲಲ್ಲಿ ನಿಂತು ಕೈಮುಗಿದು ಹೋಗುವರು. ಚಿಕ್ಕತಾಯಿ ಮಾತ್ರ ಎಂದಿನಂತೆ, “ಅಣ್ಣಯ್ಯ, ಕಾಲೆತ್ತು, ಸಾರುಸ್ಬೇಕು” ಎನ್ನುವಳು. ಒಮ್ಮೆ ಮೆಣಸಿನ ಸಾರು ಬೇಕೆಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ. ಆಕೆಗೆ ಓದಲು ಬಾರದು. ಹೊರಗೆ ಹೋಗುತ್ತಿದ್ದವರಿಂದ ಓದಿಸಿಕೊಂಡು ಬಂದು, “ಅಲ್ಲಾ ಅಣ್ಣಯ್ಯ, ಬಾಯಿ ಮುಚ್ಕಂಡ್ರೂ ನಾಲ್ಗೆ ಮುಚ್ಚಕ್ಕಿಲ್ವಲ್ಲ ನಿಂದು” ಎಂದು ನಕ್ಕಳು.

ಆ ನಗು ನನ್ನನ್ನು ಕುಟುಕಿತು. ಕುಟುಕಿತು ಎಂಬುದನ್ನು ಆ ದಿನ ನಾನು ಗಮನಿಸಲಿಲ್ಲ — ಅಥವಾ ಗಮನಿಸಿಯೂ —

ನಲವತ್ತೊಂದನೆಯ ದಿನ. ಮಧ್ಯಾಹ್ನ ಕಳೆದು ಬಿಸಿಲು ಹೊಸ್ತಿಲಿನಿಂದ ಹಿಂದೆ ಸರಿದಿತ್ತು. ಭಜನೆಮನೆಯಲ್ಲಿ ನಾನೊಬ್ಬನೇ. ಬೆಳಿಗ್ಗೆ ಚಿಕ್ಕತಾಯಿ ಹೊಯ್ದ ಎಣ್ಣೆ ದೀಪದ ತುಂಬ ಇತ್ತು. ಆ ದಿನ ಮನಸ್ಸು ನಿಂತ ನೀರಿನಂತಿದೆ ಎಂದು ನನಗೆ ತೋರುತ್ತಿತ್ತು. ಆಗ ಒಂದು ಯೋಚನೆ ಬಂದಿತು: ಇದು ನಿಜವಾದ ಶುದ್ಧಿಯೋ, ಅಥವಾ ನಾನೇ ಕಟ್ಟಿಕೊಂಡ ಕತೆಯೋ? ಪರೀಕ್ಷಿಸದೆ ಒಪ್ಪಬಹುದೆ? ನನ್ನೊಳಗೆ ಭಯದ ಬೇರು ಉಳಿದಿದ್ದರೆ, ಊರೆಲ್ಲ ಹೆದರುವ ಒಂದು ಕೆಲಸವನ್ನು ಮಾಡಿದಾಗ ಅದು ಅಲುಗಲೇಬೇಕು. ಎದ್ದೆ. ಗೂಡಿನ ಹತ್ತಿರ ಹೋದೆ. ಬತ್ತಿಯನ್ನು ಚಿವುಟಿದೆ.

ಹೊಗೆಯ ಒಂದು ಎಳೆ ಎದ್ದು ಗೂಡಿನ ಮೇಲ್ಭಾಗಕ್ಕೆ ಹೋಯಿತು. ಅಷ್ಟೆ.

ಬೆಂಕಿಪೊಟ್ಟಣ ದೀಪದ ಪಕ್ಕದಲ್ಲಿಯೇ ಇತ್ತು. ತಕ್ಷಣ ಹಚ್ಚಿಬಿಡಬೇಕೆಂದೇ ಇದ್ದೆ. ಆದರೆ ಹಚ್ಚುವ ಮೊದಲು ಮನಸ್ಸನ್ನು ಒಮ್ಮೆ ನೋಡಿಕೊಳ್ಳೋಣವೆಂದು ಕುಳಿತೆ. ಏನೂ ಇಲ್ಲ! ನಡುಕವಿಲ್ಲ, ಅಳುಕಿಲ್ಲ. ಗೆದ್ದೆ ಎನಿಸಿತು. ಆ ಗೆಲುವಿನಲ್ಲಿ ಕಣ್ಣು ಮುಚ್ಚಿದೆ. ಅದರ ರುಚಿ ನೋಡುತ್ತ ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು. ಬೋರೇಗೌಡರ ಹೆಂಡತಿಯ ಕೂಗಿಗೆ ಕಣ್ಣು ತೆರೆದೆ. ಆಕೆ ಹೂ ತಂದಿದ್ದರು. ತಟ್ಟೆ ಕೆಳಗೆ ಬಿದ್ದಿತ್ತು.

ಕ್ಷಣದಲ್ಲಿ ಬಾಗಿಲ ತುಂಬ ಜನ. ಚಿಕ್ಕತಾಯಿ ಓಡಿಬಂದು ದೀಪವನ್ನು ನೋಡಿದಳು; ಬಗ್ಗಿ, ಬತ್ತಿಯನ್ನು ಮುಟ್ಟಿದಳು. ಬೋರೇಗೌಡರು ಕೇಳಿದರು:

“ಎಣ್ಣೆ ಉಯ್ಯಕ್ಕಾಗ್ದೆ ಎಲ್ಲೋಗಿದ್ದೆ ನೀನು?”

“ಎಣ್ಣೆ ತುಂಬೈತೆ ನೋಡಣ್ಣ. ಬೆಳಿಗ್ಗೆ ಉಯ್ದಿದ್ದು ಅಂಗೇ ಐತೆ.”

“ಆರೋದ್ ಮೇಲೆ ತಂದು ಉಯ್ದಿದ್ದೀಯ. ನಾವೇನ್ ಕಣ್ ಕಾಣ್ದೋರಾ?”

“ದ್ಯಾವ್ರಾಣೆ ಇಲ್ಲ.”

“ಮುಂಡೆ ಕೈಲಿ ದೀಪ ಅಚ್ಚಿಸ್ಬೇಡಿ ಅಂತ ಅವತ್ತೇ ಬಡ್ಕಂಡೆ” ಎಂದು ಹಿಂದಿನಿಂದ ಯಾರೋ ಅಂದರು.

ಆಗ ಆಕೆ ನನ್ನ ಕಡೆ ತಿರುಗಿದಳು. ಸೆರಗಿನ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

“ಅಣ್ಣಯ್ಯ, ನೀನು ಇಲ್ಲೇ ಕುಂತಿದ್ದೆ. ಬೆಳಿಗ್ಗೆ ಎಣ್ಣೆ ಉಯ್ದ್ ಮೇಲೆ ನಾನು ಈ ಕಡೀಕೆ ಬಂದಿದ್ನಾ? ಒಂದ್ ಮಾತು ಏಳು. ಬಾಯಲ್ಲಿ ಬ್ಯಾಡ — ಬರ್ದು ತೋರ್ಸು, ಅವ್ರೇ ಓದ್ಕತಾರೆ.”

ಎಲ್ಲರೂ ನನ್ನನ್ನು ನೋಡಿದರು. ನಾನು ಸ್ಲೇಟು ತೆಗೆದುಕೊಂಡೆ. ಬರೆದೆ: “ನಾನು ಕಣ್ಣು ಮುಚ್ಚಿದ್ದೆ.”

ಮೂರು ಪದ. ಮೂರೂ ನಿಜ. ನನ್ನ ಬಾಳಿನಲ್ಲಿ ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಹೇಳಿಲ್ಲ. ಬೋರೇಗೌಡರು ಅದನ್ನು ಗಟ್ಟಿಯಾಗಿ ಓದಿದರು. ಆಕೆ ಸ್ಲೇಟನ್ನೇ ನೋಡುತ್ತಿದ್ದಳು. ಓದಲು ಬಾರದವಳು ಅಷ್ಟು ಹೊತ್ತು ಅದರಲ್ಲಿ ಏನನ್ನು ನೋಡುತ್ತಿದ್ದಾಳೆಂದು ನನಗೆ ಆಗ ಅರ್ಥವಾಗಲಿಲ್ಲ.

ಅದಾದ ಮೂರನೆಯ ದಿನ ಬೋರೇಗೌಡರ ಜೋಡೆತ್ತಿನಲ್ಲಿ ಒಂದು ಹೊಟ್ಟೆಯುಬ್ಬರಿಸಿ ಸತ್ತಿತು. ಹಸಿ ಮೇವು ಮಿತಿಮೀರಿ ತಿಂದರೆ ಎತ್ತು ಉಬ್ಬರಿಸುತ್ತದೆಂದು ನಮ್ಮಲ್ಲಿ ತಿಳಿಯದವರಿಲ್ಲ. ಆದರೂ ಊರು ಅದನ್ನು ದೀಪಕ್ಕೆ ಕಟ್ಟಿತು, ದೀಪವನ್ನು ಚಿಕ್ಕತಾಯಿಗೆ ಕಟ್ಟಿತು. ಪ್ಲೇಗಿನ ಕತೆಯನ್ನು ಶಂಕಿಸಿದವನು, ಸಂಗಮದ ಸ್ನಾನ ನೋಡಿ ನಕ್ಕವನು — ಆ ಒಂದು ಮಾತನ್ನಾದರೂ ನಾನು ಸ್ಲೇಟಿನಲ್ಲಿ ಬರೆಯಬಹುದಾಗಿತ್ತು. ದೀಪಕ್ಕೂ ಎತ್ತಿಗೂ ಸಂಬಂಧವಿಲ್ಲ ಎಂದು. ಅದಕ್ಕೆ ನನ್ನ ತಪ್ಪನ್ನು ಒಪ್ಪಿಕೊಳ್ಳುವ ಅಗತ್ಯವೂ ಇರಲಿಲ್ಲ. ಬರೆಯಲಿಲ್ಲ. ನನ್ನ ಶಂಕೆಯೆಲ್ಲ, ಸತ್ತವರ ಕತೆಗಳ ಮೇಲೆ. ಎದುರಿಗೆ ನಿಂತ ಸುಳ್ಳನ್ನು ಪ್ರಶ್ನಿಸುವ ಧೈರ್ಯ ಅದಕ್ಕಿರಲಿಲ್ಲ.

ಹೆದರಿದೆನೆ? ಹೆದರಿದೆ. ಏನಕ್ಕೆ? ಬಾಗಿಲಲ್ಲಿ ಕೈಮುಗಿಯುತ್ತಿದ್ದ ಆ ಹೆಂಗಸರು ಇನ್ನು ಕೈಮುಗಿಯುವುದಿಲ್ಲ ಎನ್ನುವುದಕ್ಕೆ. ಸ್ಲೇಟು ಕೆಳಗಿಟ್ಟ ದಿನವೇ, ಇನ್ನು ಏಳು ದಿನ, ವ್ರತ ಪೂರ್ಣವಾಗಲಿ, ಅನಂತರ ಹೇಳಿದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ವ್ರತ ಕೆಟ್ಟರೆ ಚಿತ್ತಶುದ್ಧಿ ಕೆಡುತ್ತದಲ್ಲ —

ನಮ್ಮ ಕಡೆ ಮೌನ ಮುಗಿಸಿದವರ ಮೊದಲ ಮಾತಿಗೆ ಬೆಲೆ ಹೆಚ್ಚು. ಅಷ್ಟು ದಿನ ಒಳಗಿದ್ದು ಹಣ್ಣಾದ ಮಾತು ಅದು, ಸುಳ್ಳಾಗದು ಎಂದು ಜನ ಕೇಳಲು ಕೂಡುತ್ತಾರೆ. ನಲವತ್ತೆಂಟನೆಯ ದಿನ ಬೆಳಿಗ್ಗೆ ಭಜನೆಮನೆ ತುಂಬಿತ್ತು. ಚಿಕ್ಕತಾಯಿ ಒಳಗೆ ಬರಲಿಲ್ಲ. ಬಾಗಿಲ ಆಚೆ, ಚಪ್ಪಲಿಗಳ ಹತ್ತಿರ ನಿಂತಿದ್ದಳು. ನನಗೆ ಕಾಣುತ್ತಿತ್ತು. ಯಾರೋ ಬಾಯಿಗೆ ಸಕ್ಕರೆ ಹಾಕಿದರು. ನಾನು ಬಾಯಿ ತೆರೆದೆ.

ಒಂದು ಶ್ಲೋಕ ಹೇಳಿದೆ. ಅದರ ಅರ್ಥ ಹೇಳಿದೆ. ಕನ್ನಡಿಯ ಮೇಲಿನ ಧೂಳನ್ನು ಒರೆಸಿದರೆ ಮುಖ ಕಾಣುವ ಹಾಗೆ, ಎಂದು ಶುರುಮಾಡಿ ಒಂದು ಗಂಟೆ ಮಾತನಾಡಿದೆ. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಮಾತನಾಡಿರಲಿಲ್ಲ. ಮುಗಿಸಿ ನೋಡಿದಾಗ ಆಕೆ ಇರಲಿಲ್ಲ. ಹೊಸ್ತಿಲ ಮೇಲೆ ಬೀಗದ ಕೈ ಇತ್ತು.

ನಾಗಮಂಗಲದ ಆಚೆ ದೇವಲಾಪುರದಲ್ಲಿ ಆಕೆಯ ತಂಗಿಯ ಮನೆ. ಅಲ್ಲಿಗೆ ಹೋದಳೆಂದು ಕೇಳಿದೆ. ಬೇರೊಬ್ಬರು ಬಂದು ದೀಪದ ಕೆಲಸ ಹಿಡಿದರು. ಭಾನುವಾರದ ನನ್ನ ಪ್ರವಚನಕ್ಕೆ ಕೆ.ಆರ್. ಪೇಟೆಯಿಂದಲೂ ಜನ ಬರತೊಡಗಿದರು. ನಾನು ನೀರು ಕಾದವನು. ತೂಬು ಮುಚ್ಚಿದರೆ ನೀರು ತಿಳಿಯಾಗಿ ಕಾಣುತ್ತದೆ, ಆದರೆ ಹೂಳೆಲ್ಲ ಅಡಿಯಲ್ಲಿ ಕೂತಿರುತ್ತದೆಂದು ನನಗೆ ತಿಳಿದಿರಬೇಕಿತ್ತು.

ಆಕೆ ಹೋದಳು, ಆಕೆಯ ಹೆಸರು ಊರಲ್ಲಿ ಉಳಿಯಿತು. ಪಂಪ್‌ಸೆಟ್ಟು ಕೆಟ್ಟರೆ, ಹಾಲು ಒಡೆದರೆ, ಕರೆಂಟು ಹೋದರೆ — “ಚಿಕ್ಕತಾಯಿ ಕೈ ಇಟ್ಟಂಗಾಯ್ತು” ಎನ್ನುವುದು ನಮ್ಮೂರ ಮಾತಾಯಿತು. ನೀವೆಲ್ಲ ಅಂದಿದ್ದೀರಿ. ನಾನು ಕೇಳಿಸಿಕೊಂಡು ತಲೆ ತಗ್ಗಿಸಿ ನಡೆದಿದ್ದೇನೆ. ಸ್ವಾಮಿ ಬಂದುಹೋದ ಮರುದಿನ ನಮ್ಮ ಮನೆಯಲ್ಲಿ ಗ್ಯಾಸ್ ಒಲೆ ಹತ್ತಲಿಲ್ಲ. ಕಾಲೇಜಿಗೆ ಹೊರಟಿದ್ದ ನನ್ನ ಮೊಮ್ಮಗಳು, “ಥೂ, ಚಿಕ್ಕತಾಯಿ ಕೈ ಇಟ್ಟಂಗಾಯ್ತು” ಎಂದಳು.

“ಚಿಕ್ಕತಾಯಿ ಅಂದರೆ ಯಾರು, ಗೊತ್ತೇನಮ್ಮ?” ಎಂದು ಕೇಳಿದೆ.

“ಯಾರೂ ಅಲ್ಲ ತಾತ. ಅಂಗೇ ಒಂದು ಮಾತು ಅಷ್ಟೇಯ.”

ಯಾರೂ ಅಲ್ಲ. ಒಬ್ಬ ಹೆಂಗಸನ್ನು ನಾನು ಅಲ್ಲಿಗೆ ತಂದು ನಿಲ್ಲಿಸಿದ್ದೆ.

ಮಾರನೆಯ ದಿನ ದೇವಲಾಪುರದ ಬಸ್ಸು ಹತ್ತಿದೆ. ಆಕೆ ಜಗುಲಿಯಲ್ಲಿ ಕುಳಿತು ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ತಲೆ ಪೂರ್ತಿ ನೆರೆತಿತ್ತು. ಕಣ್ಣು ಕಿರಿದು ಮಾಡಿ ನೋಡಿದಳು.

“ಓ. ತೂಬಿನ ಪಂಡಿತ್ರು.”

ಅಣ್ಣಯ್ಯ ಎನ್ನಲಿಲ್ಲ.  “ಚಿಕ್ಕತಾಯಿ, ಆ ದೀಪ —” ಎಂದೆ.

“ಗೊತ್ತು.”

“ಏನು ಗೊತ್ತು?”

“ಎಣ್ಣೆ ತೀರಿದ್ ಬತ್ತಿ ಬುಡದ್ಗಂಟ ಸುಟ್ಟೋಗಿರ್ತದೆ. ಗಾಳಿಗೆ ಆರಿದ್ದು ನೆಟ್ಟಗೆ ನಿಂತಿರ್ತದೆ. ಅದು ಚಪ್ಪಟೆ ಆಗೋಗಿತ್ತು. ಅಷ್ಟ್ ವರ್ಸ ಬತ್ತಿ ಒಸ್ದೋಳ್ಗೆ ತಿಳ್ಯಕ್ಕಿಲ್ವಾ? ನೀವು ಸ್ಲೇಟು ಇಡ್ಕಂಡಾಗ ಬೆರಳಲ್ಲಿ ಮಸಿ ಇತ್ತು. ಸ್ಲೇಟಿನ್ ಕಟ್ಟಿಗೂ ಅತ್ಕಂಡಿತ್ತು.”

“ಆವತ್ತೇ ಯಾಕೆ ಹೇಳಲಿಲ್ಲ?”

“ಏಳಿದ್ರೆ ಯಾರ್ ನಂಬೋರು? ಬಾಯಿ ಮುಚ್ಕಂಡು ಕುಂತಿರೋ ಸನ್ಯಾಸಿ ದೀಪ ಚಿವುಟ್ದ ಅಂದ್ರೆ ನನ್ನೇ ಒಡ್ಯೋರು.” ಮೊರವನ್ನು ಕೆಳಗಿಟ್ಟಳು. “ಅದೂ ಅಲ್ಲ ಬುಡಿ. ಇನ್ ಏಳೇ ದಿನ ಅಲ್ವಾ, ಮೌನ ಬುಟ್ ತಕ್ಷಣ ನೀವೇ ಏಳ್ತೀರಿ ಅಂದ್ಕಂಡಿದ್ದೆ. ಮೊದಲ್ನೇ ಮಾತೇ ಅದು ಅಂದ್ಕಂಡು ಬಾಗ್ಲಲ್ಲಿ ನಿಂತಿದ್ದೆ. ನೀವು ಕನ್ನಡಿ ವಿಸ್ಯ ಶುರು ಮಾಡುದ್ರಿ.”

 ತಪ್ಪಾಯಿತು, ಕ್ಷಮಿಸು ಎಂದೆ. ಆಕೆಯ ಮುಖ ಬಿಗಿಯಿತು.

“ನಿಮ್ ಮನ್ಸು ಒಗ್ಯಕ್ಕೆ ನಾನೇನ್ ಬಂಡೆನಾ? ಹದ್ನೆಂಟ್ ವರ್ಸ ಆದ್ಮೇಲೆ ಇಲ್ಲಿ ಕುಕ್ಕಿ ಬಡ್ದು ಬೆಳ್ಳಗೆ ಮಾಡ್ಕಂಡು ಓಗಕ್ಕೆ ಬಂದ್ರಾ? ನಂಗ್ ಏಳ್ಬ್ಯಾಡಿ. ನಂಗೊತ್ತು. ಗೊತ್ತಿಲ್ದೋರ್ಗೆ ಏಳಿ.”

ಹೊಸ ಭಜನೆಮನೆಯ ಮೊದಲ ದೀಪವನ್ನು ನೀನೇ ಬಂದು ಹಚ್ಚಬೇಕು ಎಂದೆ. ಆಕೆ ಗೋಡೆಯ ಗೂಡಿನ ಕಡೆ ಕೈ ತೋರಿಸಿದಳು. ಅಲ್ಲೊಂದು ಸಣ್ಣ ದೀಪ ಉರಿಯುತ್ತಿತ್ತು.

“ನಂಗೆ ಇದೈತೆ. ನಿಮ್ದು ನೀವೇ ನೋಡ್ಕಳಿ. ಕಾಪಿ ಕುಡ್ಯೋದಾದ್ರೆ ಕುಡ್ದು ಓಗಿ, ಆಮ್ಯಾಕೆ ಬಸ್ಸಿಲ್ಲ.”

ಕಾಫಿ ಕುಡಿದೆ. ಆಕೆ ಮತ್ತೆ ಹುರುಳಿ ಕೇರತೊಡಗಿದಳು.

ಮನೆಗೆ ಬಂದು ಅಟ್ಟದಿಂದ ಆ ಸ್ಲೇಟನ್ನು ಇಳಿಸಿದೆ. ಹೇಳಿದ್ದನ್ನು ಪರೀಕ್ಷಿಸದೆ ಒಪ್ಪದ ಚಾಳಿ ಇನ್ನೂ ಹೋಗಿಲ್ಲ. ಧೂಳು ಒರೆಸಿದೆ. ಮರದ ಕಟ್ಟಿನ ಬಲಮೂಲೆಯಲ್ಲಿ ಎಣ್ಣೆ ಮಸಿ ಹೀರಿಕೊಂಡ ಒಂದು ಹೆಬ್ಬೆರಳಿನ ಗುರುತು ಇದೆ. ನನ್ನ ಬೆರಳನ್ನು ಅದರ ಮೇಲಿಟ್ಟು ನೋಡಿದೆ.

ಚಿತ್ತಶುದ್ಧಿಯಾದ ಮೇಲೆ ಜ್ಞಾನ ಎಂದು ನಾನು ಇಷ್ಟು ವರ್ಷ ನಿಮಗೆ ಹೇಳಿದ್ದೇನೆ. ನನ್ನ ಮಟ್ಟಿಗೆ ಅದು ತಲೆಕೆಳಗಾಗಿ ನಡೆಯಿತು. ಆ ದಿನ ನನಗೆ ಮುಸುಕು ಇರಲಿಲ್ಲ — ದೀಪ ಆರಿಸಿದವನು ಯಾರೆಂಬ ಜ್ಞಾನ ಸ್ಪಷ್ಟವಾಗಿತ್ತು. ಚಾಂಚಲ್ಯವೂ ಇರಲಿಲ್ಲ — ಬರೆದ ಕೈ ನಡುಗಲಿಲ್ಲ, ಅಕ್ಷರ ದುಂಡಗಿದ್ದವು. ಉಳಿದದ್ದು ಕೊಳೆ. ಅದನ್ನು ಧ್ಯಾನ ತೊಳೆಯಲಿಲ್ಲ, ಮೌನ ತೊಳೆಯಲಿಲ್ಲ. ಎರಡೂ ಅದರ ಮೇಲೆ ಹೊದಿಕೆ ಹೊದಿಸಿದವು. ಶಾಸ್ತ್ರದ ತಪ್ಪು ಎನ್ನಲಾರೆ. ಅದರ ಮೊದಲ ಮೆಟ್ಟಿಲನ್ನು ಹಾರಿ ಎರಡನೆಯದರಲ್ಲಿ ಕುಳಿತವನು ನಾನು. ಅಥವಾ ಇದೂ ಕೂಡ, ತಿಳಿದವನ ಹಾಗೆ ಮಾತನಾಡುವ ನನ್ನ ಹಳೆಯ ಚಟವೇ ಇರಬಹುದು.

ಇಲ್ಲಿಯವರೆಗೆ ಬರೆದ ಹಾಳೆಗಳನ್ನು ಸ್ವಾಮಿಗೆ ತೋರಿಸಿದೆ. ಅವನು ಮೊದಲ ಸಾಲನ್ನು ಎರಡು ಸಲ ಓದಿದ. “ಇಷ್ಟ್ ವರ್ಸ ಆದ್ಮೇಲೆ ಇದೆಲ್ಲಾ ಯಾಕ್ ದೊಡ್ಡಪ್ಪ? ನಿಮ್ಮೆಸ್ರು ಆಳಾಯ್ತದೆ” ಎಂದ. ಆಗಲಿ ಎಂದೆ. ಒಂದು ಹೆಸರು ಈಗಾಗಲೇ ಹಾಳಾಗಿದೆ, ಅದು ನನ್ನದಾಗಿರಬೇಕಿತ್ತು.

ಅಚ್ಚು ಹಾಕಿಸುವುದು ಬಿಡುವುದು ಅವರಿಗೆ ಬಿಟ್ಟದ್ದು. ಪ್ರಾರಂಭದ ದಿನ ದೀಪವನ್ನು ನಾನು ಹಚ್ಚುವುದಿಲ್ಲ. ಸ್ಲೇಟನ್ನು ತರುತ್ತೇನೆ, ನೋಡಬೇಕೆನ್ನುವವರು ನೋಡಲಿ. ನಿಮ್ಮೆಲ್ಲರ ಮುಂದೆ ನಿಂತು, ಅಂದು ಆಡಬೇಕಾಗಿದ್ದ ಮೊದಲ ಮಾತನ್ನು ಬಾಯಿಬಿಟ್ಟು ಆಡುತ್ತೇನೆ — ದೀಪ ಆರಿಸಿದವನು ನಾನು, ಚಿಕ್ಕತಾಯಿ ಅಲ್ಲ. ಅದಾದ ಮೇಲೆ ನಿಮ್ಮ ಮುಖಗಳಲ್ಲಿ ಏನು ಕಾಣುವುದೋ ನನಗೆ ತಿಳಿಯದು. ಏನೇ ಕಂಡರೂ, ಆ ದಿನ ಕಣ್ಣು ಮುಚ್ಚುವುದಿಲ್ಲ.